ಪೆನ್ನಲ್ಲಿ ಬರೆದ ನಲವತ್ತೆಂಟು

ಮೊದಲೇ ಹೇಳಿಬಿಡ್ತೀನಿ, ನನಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳು. ಕೋಪ ಇಲ್ಲದೆ ಭಿನ್ನರಾಶಿ ಕಲಿಸೋಕಾಗುತ್ತಾ, ನೀವೇ ಹೇಳಿ. ರಿಟೈರಾಗಿ ನಾಲ್ಕು ವರ್ಷವಾಯ್ತು. ಇವತ್ತಿಗೂ ಬೀದಿಯಲ್ಲಿ ಯಾರಾದರೂ "ಚೆನ್ನಾಗಿದೀರಾ ಮೇಡಂ" ಅಂತ ನಿಂತರೆ, ಅವರ ಹೆಸರು ನೆನಪಾಗೋಕೆ ಮುಂಚೆ ಅವರು ಯಾವ ಮಗ್ಗಿಯಲ್ಲಿ ತಡವರಿಸ್ತಿದ್ದರು ಅನ್ನೋದು ನೆನಪಾಗುತ್ತೆ. ಇಂಥವಳನ್ನ ಎರಡನೇ ಕ್ಲಾಸಿನ ಮಕ್ಕಳು ಮಾಡೋ ಕಳೆಯೋ ಲೆಕ್ಕವೊಂದು ಐದು ವಾರ ಕಾಡಿತು. ತಲೆಬುಡ ಗೊತ್ತಾಗದ ಹಾಗೆ ಕಾಡಿತು.

ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮಗ ಲಿಫ್ಟ್ ಮೆಕ್ಯಾನಿಕ್. ಊರಿನ ಲಿಫ್ಟೆಲ್ಲ ಅವನೇ ರಿಪೇರಿ ಮಾಡೋದು, ನಾವಿರೋ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಸೊಸೆ ಟೈಲರ್. ಹೊಸ ಬಟ್ಟೆ ಹೊಲಿಯೋದಿಲ್ಲ, ಬರೀ ಆಲ್ಟ್ರೇಷನ್. ದಪ್ಪಗಾದವರಿಗೆ ಹೊಲಿಗೆ ಬಿಚ್ಚಿ ಸಡಿಲ ಮಾಡೋದು, ಸಣ್ಣಗಾದವರಿಗೆ ಸೈಡ್ ಹಿಡಿದು ಬಿಗಿ ಮಾಡೋದು. ಹಜಾರದ ಕಿಟಕಿ ಪಕ್ಕ ಅವಳ ಮಿಷನ್. ಹೆರಿಗೆಯಾದ ಮೇಲೆ ಗಿರಾಕಿಗಳ ಕೆಲಸ ಬಿಲ್ಕುಲ್ ಬೇಡ ಅಂತ ನಾನೇ ಹೇಳಿ ಅದಕ್ಕೊಂದು ಬಟ್ಟೆ ಮುಚ್ಚಿಸಿದ್ದೆ. ಇನ್ನು ನಾಲ್ಕನೇ ಪ್ರಾಣಿ, ಮೊಮ್ಮಗಳು. ಹುಟ್ಟಿದಾಗ ಮೂರು ಕೆಜಿ ನೂರು ಗ್ರಾಂ. ಕರೆಯೋದು ಬಟಾಣಿ ಅಂತ.

ಬಟಾಣಿಗೆ ಒಂದೂವರೆ ತಿಂಗಳಾದಾಗ ಬೀದಿ ಕೊನೆಯ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ವಿ. ಅಲ್ಲಿಯ ಸಿಸ್ಟರ್ ಮಗುವನ್ನ ತೂಗಿ "ನಾಲ್ಕು ಕೆಜಿ, ಬಹಳ ಚೆನ್ನಾಗಿದಾಳೆ" ಅಂದಳು. ಸೊಸೆಯನ್ನೂ ತೂಗಿದಳು, ನಲವತ್ತೆಂಟು. ಮೊದಲಿಂದಲೂ ಕಡ್ಡಿ ಮೈಯವಳು ಅವಳು.

"ಮೇಡಂ, ಕಟ್ಟಡ ರಿಪೇರಿ ಅಂತ ನಾಳೆಯಿಂದ ಆರು ವಾರ ಕ್ಲಿನಿಕ್ ಮುಚ್ಚಿರುತ್ತೆ. ವಾರಕ್ಕೊಂದು ಸಲ ಮನೆಯಲ್ಲೇ ತೂಕ ನೋಡಿ ನನಗೆ ಫೋನ್ ಮಾಡಿ. ನಿಂತ್ಕೊಂಡು ನೋಡೋ ತೂಕದ ಯಂತ್ರ ಇದೆಯಲ್ಲ? ತಾಯಿ ಮಗುನ ಎತ್ಕೊಂಡು ನಿಂತ್ಕೊಳ್ಳಲಿ. ಬರೋ ತೂಕದಿಂದ ತಾಯಿ ತೂಕ ಕಳೆದುಬಿಡಿ. ಪ್ರತಿ ಸಲವೂ ಅವರೇ ಎತ್ಕೊಳ್ಳಲಿ, ಆಳು ಬದಲಾಯಿಸಬೇಡಿ. ಮತ್ತೆ ಮೇಡಂ, ಪ್ರತಿ ವಾರ ಮೊದಲು..."

"ಗೊತ್ತಮ್ಮ, ಕಳೆಯೋದು ತಾನೆ?" ಅಂತ ನಾನು ಮಾತು ತುಂಡು ಮಾಡಿದೆ. ನನಗೇ ಲೆಕ್ಕ ಹೇಳಿಕೊಡೋಕೆ ಬಂದಳಲ್ಲ, ನನ್ನ ಕ್ಲಾಸಿನಲ್ಲೇ ಐದನೇ ಮಗ್ಗಿಗೆ ಅಳ್ತಿದ್ದವಳು!

ಮನೆಗೆ ಬಂದವಳೇ ಹೊಸ ನೋಟ್‌ಬುಕ್ ತೆಗೆದೆ. ನನ್ನದೊಂದು ಪದ್ಧತಿ ಇದೆ, ನನ್ನ ಕೈಕೆಳಗೆ ಕಲಿತ ಯಾವ ಹುಡುಗಿಯನ್ನ ಕೇಳಿದರೂ ಹೇಳ್ತಾಳೆ. ಲೆಕ್ಕದಲ್ಲಿ ಕೊಟ್ಟಿರೋದನ್ನ ಪೆನ್ನಲ್ಲಿ ಬರೀಬೇಕು, ಸುತ್ತ ಬಾಕ್ಸ್ ಹಾಕಬೇಕು. ಕಂಡುಹಿಡಿಯೋದನ್ನ ಪೆನ್ಸಿಲಲ್ಲಿ ಬರೀಬೇಕು. ಕೊಟ್ಟದ್ದು ಬದಲಾಗಲ್ಲ, ಕಂಡುಹಿಡಿಯೋದು ಬದಲಾಗಬಹುದು. ಹಾಗೆ ಮೊದಲ ಪುಟದ ನೆತ್ತಿಯಲ್ಲಿ ನೀಲಿ ಪೆನ್ನಲ್ಲಿ "ತಾಯಿ: 48.0" ಅಂತ ದಪ್ಪಗೆ ಬರೆದು ಬಾಕ್ಸ್ ಹಾಕಿದೆ. ಕೆಳಗೆ ಗೆರೆ ಎಳೆದು ಬಟಾಣಿಗೆ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡೆ.

ಮೊದಲ ಶನಿವಾರ ಬೆಳಗ್ಗೆ ಸೊಸೆ ಮಗುವನ್ನ ಎತ್ತಿಕೊಂಡು ನಿಂತಳು. ಐವತ್ತೊಂದು ಪಾಯಿಂಟ್ ಎಂಟು. ಕೆಳಗೆ ನಲವತ್ತೆಂಟು ಬರೆದು ಕಳೆದೆ. ಮೂರು ಪಾಯಿಂಟ್ ಎಂಟು.

"ಏನತ್ತೆ, ಎಷ್ಟು?" ಅಂದಳು ಸೊಸೆ.

"ಇನ್ನೂರು ಗ್ರಾಂ ಕಮ್ಮಿ ಆಗಿದೆಯಲ್ಲೇ."

ಅವಳ ಮುಖ ಸಣ್ಣಗಾಯ್ತು. ನಾನೇ ಸಮಾಧಾನ ಹೇಳಿದೆ, ಒಂದು ವಾರದ ಏರಿಳಿತ ಏನು ದೊಡ್ಡದು ಅಂತ. ಆದರೆ ಎರಡನೇ ಶನಿವಾರ ಐವತ್ತೊಂದು ಪಾಯಿಂಟ್ ಐದು ಬಂತು. ಕಳೆದರೆ ಮೂರೂವರೆ.

ಸಿಸ್ಟರ್‌ಗೆ ಫೋನ್ ಹಚ್ಚಿದೆ. ಮಗು ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತೆ ಅಂದಳು. ಎಂಟೊಂಬತ್ತು ಸಲ ಅಂದೆ. ಚುರುಕಾಗಿದಾಳಾ ಅಂದಳು. ಚುರುಕು ಅಂದರೆ ಏನಮ್ಮ, ಕಿರುಚಿದರೆ ಎದುರುಮನೆ ಬಾಗಿಲು ತೆಗೀತಾರೆ ಅಂದೆ. "ಹಾಗಾದ್ರೆ ಇಳೀಬಾರದಲ್ಲ ಮೇಡಂ" ಅಂತ ಅವಳಿಗೂ ಗೊಂದಲ. ಎರಡು ಗಂಟೆಗೊಂದು ಸಲ ತಪ್ಪದೆ ಹಾಲು ಕೊಡಲಿ, ನೋಡೋಣ ಅಂದಳು.

ನಾನು ಸುಮ್ಮನಿರ್ತೀನಾ? ಟೈಮ್‌ಟೇಬಲ್ ಹಾಕಿ ಅಡುಗೆಮನೆ ಗೋಡೆಗೆ ಅಂಟಿಸಿದೆ. ಹಗಲೂ ಇಲ್ಲ ರಾತ್ರಿಯೂ ಇಲ್ಲ, ಎರಡು ಗಂಟೆಗೊಂದು ಪೀರಿಯಡ್. ಹತ್ತು ನಿಮಿಷ ತಡವಾದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಸೊಸೆ ಎದುರು ಮಾತಾಡೋ ಪೈಕಿಯಲ್ಲ. "ಆಯ್ತತ್ತೆ" ಅಂತ ಎದ್ದು ಕೂರೋಳು.

ಇದೇ ಸಮಯಕ್ಕೆ ನನ್ನ ತಲೆ ತಿನ್ನೋಕೆ ಇನ್ನೊಂದು ಕೆಲಸವೂ ಸೇರಿಕೊಂಡಿತ್ತು. ಮಕ್ಕಳಿಗಾಗಿ ಲೆಕ್ಕದ ಪದಗಳ ಒಂದು ಪುಟ್ಟ ಕೋಶ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ. ಒಂದೊಂದು ಪದಕ್ಕೂ ಅರ್ಥ ಏನು, ಅದು ಎಲ್ಲಿಂದ ಬಂತು, ಹತ್ತು ಸಾಲಿನಲ್ಲಿ. ಕೂಡೋದು, ಗುಣಿಸೋದು, ಭಾಗಿಸೋದು ಎಲ್ಲ ಮುಗಿಸಿದ್ದೆ. ವ್ಯವಕಲನದ ಹತ್ತಿರ ಬಂದು ಗಾಡಿ ನಿಂತುಬಿಟ್ಟಿತು.

ಮೊದಲು ಬರೆದದ್ದು "ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಯನ್ನು ತೆಗೆಯುವುದು" ಅಂತ. ಕೋಶದ ಸಂಪಾದಕರಿಗೆ ಹಿಡಿಸಲಿಲ್ಲ. ಇನ್ನೂ ಹುಡುಗನ ದನಿಯ ಮನುಷ್ಯ, ಫೋನಿನಲ್ಲಿ ಹೆದರಿ ಹೆದರಿ ಮಾತಾಡ್ತಿದ್ದರು. "ಮೇಡಂ, ಮಕ್ಕಳಿಗೆ ಗೊತ್ತಿರೋದೇ ಇದು. ಪದ ಹುಟ್ಟಿದ್ದು ಹೇಗೆ ಅಂತ ಬೇಕಿತ್ತು."

ದಪ್ಪ ದಪ್ಪ ನಿಘಂಟು ಇಳಿಸಿಕೊಂಡು ಕೂತೆ. ಕಲನ ಅಂದರೆ ಎಣಿಸೋದು, ಒಟ್ಟು ಹಾಕೋದು. ಸಂಕಲನ ಅಂದರೆ ಎಲ್ಲವನ್ನೂ ಒಂದೆಡೆ ಸೇರಿಸೋದು, ಸರಿ. ವ್ಯವಕಲನದಲ್ಲಿ ಅದೇ ಕಲನಕ್ಕೆ ಮುಂಚೆ 'ವಿ' ಬಂದು ಕೂತಿದೆ, 'ಅವ' ಬಂದು ಕೂತಿದೆ. ಒಂದು ಬೇರೆ ಮಾಡು ಅನ್ನುತ್ತೆ, ಇನ್ನೊಂದು ಕೆಳಕ್ಕೆ ಅನ್ನುತ್ತೆ. ಕೆಳಕ್ಕೆ ಯಾಕೆ? ಇಂಗ್ಲಿಷಿನವರ ಸಬ್‌ಟ್ರ್ಯಾಕ್ಷನ್ ಏನನ್ನುತ್ತೆ ನೋಡೋಣ ಅಂತ ಅದನ್ನೂ ತೆಗೆದೆ. ಅದು ಲ್ಯಾಟಿನ್ನಿಂದ ಬಂದ ಮಾತಂತೆ, ಅಡಿಯಿಂದ ಎಳೆದುಕೊಳ್ಳೋದು ಅಂತ ಅರ್ಥವಂತೆ. ಅಲ್ಲ ಸ್ವಾಮಿ, ಮೂವತ್ತೆರಡು ವರ್ಷ ಕಪ್ಪು ಹಲಗೆ ಮೇಲೆ ಕಳೆದಿದ್ದೀನಿ, ಅಡಿಯಿಂದ ನಾನೇನು ಎಳೆದೆ? ಮೇಲಿನದರಿಂದ ತಾನೆ ತೆಗೆಯೋದು? ಅಡಿಯಲ್ಲಿರೋದು ಸುಮ್ಮನೆ ಕೂತಿರುತ್ತೆ. ನಮ್ಮ ಮಾತು ಇನ್ನೂ ತಮಾಷೆ. ಕಳೆಯೋದು ಅಂದರೆ ತೆಗೆಯೋದೂ ಹೌದು, ದಿನ ದೂಡೋದೂ ಹೌದು, ಬೀದಿಯಲ್ಲಿ ಕೊಡೆ ಮರೆತು ಬರೋದೂ ಹೌದು. ಇದರಲ್ಲಿ ಮಕ್ಕಳಿಗೆ ಯಾವುದನ್ನ ಹೇಳಲಿ? ನಾಲ್ಕು ಸಲ ಬರೆದು ನಾಲ್ಕು ಸಲ ಹರಿದು ಹಾಕಿದೆ.

ಮೂರನೇ ಶನಿವಾರ ಐವತ್ತೊಂದು ಪಾಯಿಂಟ್ ಮೂರು. ಕಳೆದರೆ ಮೂರು ಪಾಯಿಂಟ್ ಮೂರು.

ನನಗೆ ಈಗ ಯಂತ್ರದ ಮೇಲೆ ಅನುಮಾನ ಬಂತು. ಬ್ಯಾಟರಿ ಬದಲಾಯಿಸಿದೆ. ನೆಲ ಸಮ ಇಲ್ಲವೇನೋ ಅಂತ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಹೊತ್ತು ತಿರುಗಿದೆ. ಕೊನೆಗೆ ಒಂದು ಪರೀಕ್ಷೆ ಮಾಡಿದೆ. ನಾನೊಬ್ಬಳೇ ಹತ್ತಿ ನಿಂತೆ, ಅರವತ್ತಮೂರು. ಆಮೇಲೆ ಅಂಗಡಿಯಿಂದ ತಂದ ಐದು ಕೆಜಿ ಹಿಟ್ಟಿನ ಚೀಲವನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ನಿಂತೆ, ಅರವತ್ತೆಂಟು. ಕಳೆದರೆ ಐದು. ಕೂದಲೆಳೆಯಷ್ಟೂ ತಪ್ಪಿಲ್ಲ.

ಅಂದರೆ ಯಂತ್ರ ಸರಿ, ನನ್ನ ಲೆಕ್ಕ ಸರಿ. ಹಾಗಾದರೆ ಮಗು? ಅಲ್ಲೇ ನೋಡಿ ನಾನು ಕಕ್ಕಾಬಿಕ್ಕಿಯಾಗಿದ್ದು. ಬಟಾಣಿಯ ತೊಡೆ ನೋಡಿದರೆ ಮಡಿಕೆ ಮೇಲೆ ಮಡಿಕೆ. ಮೊದಲ ತಿಂಗಳ ಟೋಪಿ ತಲೆಗೆ ಇಳೀತಿಲ್ಲ. ಎತ್ತಿಕೊಂಡು ಹತ್ತು ನಿಮಿಷ ಓಡಾಡಿದರೆ ನನ್ನ ಭುಜ ಬಿದ್ದುಹೋಗುತ್ತೆ. ಕಣ್ಣು ಒಂದು ಹೇಳ್ತಿದೆ, ಕೈ ಒಂದು ಹೇಳ್ತಿದೆ, ನೋಟ್‌ಬುಕ್ ಇನ್ನೊಂದು ಹೇಳ್ತಿದೆ. ಯಾರನ್ನ ನಂಬೋದು? ನಾನು ಜೀವಮಾನವೆಲ್ಲ ನೋಟ್‌ಬುಕ್ಕನ್ನೇ ನಂಬಿದವಳು.

"ಅಮ್ಮ, ಅದು ಊದಿರೋದಾ ಏನು?" ಅಂತ ಮಗ ಒಂದು ದಿನ ಪಿಸುಗುಟ್ಟಿದ. "ಕೆಲವು ಮಕ್ಕಳು ನೋಡೋಕೆ ದುಂಡಗಿರ್ತವಂತೆ, ಒಳಗೆ ಏನೂ ಇರಲ್ವಂತೆ."

"ಬಾಯಿ ಮುಚ್ಚೋ" ಅಂದೆ. ಆದರೆ ಅವನ ಮಾತು ಸೊಸೆಯ ಕಿವಿಗೆ ಬಿದ್ದಿತ್ತು. ಆ ಮಧ್ಯಾಹ್ನ ಅವಳು ತಟ್ಟೆಯನ್ನ ಹಾಗೇ ಸರಿಸಿದಳು.

"ಯಾಕೆ?"

"ಹಸಿವಿಲ್ಲತ್ತೆ."

"ನೀನು ತಿನ್ನದಿದ್ದರೆ ಹಾಲೆಲ್ಲಿಂದ ಬರುತ್ತೆ? ನಿನ್ನ ಹಾಲು ಸಾಲ್ತಿಲ್ಲ, ಅದಕ್ಕೇ ಹೀಗಾಗ್ತಿರೋದು" ಅಂದುಬಿಟ್ಟೆ. ಬಾಯಿಂದ ಜಾರಿದ್ದಲ್ಲ, ಬೇಕಂತಲೇ ಅಂದದ್ದು. ಅವಳು ಒಂದು ತುತ್ತು ಬಾಯಿಗಿಟ್ಟು ಎಷ್ಟೋ ಹೊತ್ತು ಅಗೆದಳು. ನಾನು ಎದ್ದು ಕೈ ತೊಳೆಯೋಕೆ ಹೋದೆ. ಬಂದು ನೋಡಿದರೆ ತಟ್ಟೆ ಖಾಲಿ, ಕಸದ ಬುಟ್ಟಿ ಮುಚ್ಚಳ ಮಾತ್ರ ಓರೆಯಾಗಿತ್ತು. ನೋಡಿದೆ. ಆದರೆ ನನ್ನ ತಲೆಯೆಲ್ಲ ಮೂರು ಪಾಯಿಂಟ್ ಮೂರರಲ್ಲಿತ್ತು, ಬುಟ್ಟಿಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯಕ್ಕೂ ಅವಳ ಮೇಲೆ ರೇಗಿದ್ದೆ. ಗಿರಾಕಿ ಕೆಲಸ ಬೇಡ ಅಂದಿದ್ದೆನಲ್ಲ? ಆದರೂ ಶುಕ್ರವಾರ ಮಧ್ಯಾಹ್ನ ಮಗು ಮಲಗಿದಾಗ ಹತ್ತು ನಿಮಿಷ ಮಿಷನ್ ಸದ್ದು ಕೇಳಿಸೋದು. ಯಾರದ್ದೇ ಅದು ಅಂದರೆ, "ಹಳೇ ಗಿರಾಕಿದು ಅತ್ತೆ, ಸೈಡ್ ಹಿಡೀಬೇಕು ಅಷ್ಟೆ, ಇನ್ನೊಂದೇ ಹೊಲಿಗೆ" ಅನ್ನೋಳು. ಬೆರಳಿನ ಉಂಗುರಕ್ಕೆ ದಾರ ಸುತ್ತಿಕೊಂಡಿದ್ದಳು. ಮಗುವಿಗೆ ತರಚದಿರಲಿ ಅಂತ ಇರಬೇಕು, ಜಾಣೆ, ಅಂದುಕೊಂಡೆ.

ನಾಲ್ಕನೇ ಶನಿವಾರ ಐವತ್ತು ಪಾಯಿಂಟ್ ಒಂಬತ್ತು. ಕಳೆದೆ. ಎರಡು ಪಾಯಿಂಟ್ ಒಂಬತ್ತು. ಹುಟ್ಟಿದಾಗ ಇದ್ದದ್ದಕ್ಕಿಂತ ಕಮ್ಮಿ! ಅಡುಗೆಮನೆ ಮೇಜಿನ ಹತ್ತಿರ ಕೂತು ಅದೇ ಲೆಕ್ಕವನ್ನ ಮೂರು ಸಲ ಮಾಡಿದೆ. ಬಿಡಿ ಸ್ಥಾನಕ್ಕೆ ದಶಕ ತಗೊಂಡದ್ದು ಸರಿ ಇದೆಯಾ ಅಂತ ಬೆರಳಲ್ಲಿ ಎಣಿಸಿ ನೋಡಿದೆ, ಮಗ್ಗಿ ಬಾರದ ಹುಡುಗಿಯ ಹಾಗೆ. ನನ್ನ ಅವಸ್ಥೆ ನೋಡಿ ನನಗೇ ನಾಚಿಕೆಯಾಯ್ತು.

ಸಿಸ್ಟರ್ ಈ ಸಲ ಫೋನಿನಲ್ಲಿ ನಾಲ್ಕೂ ವಾರದ ನಂಬರ್ ಓದಿಸಿಕೊಂಡಳು. ಆಮೇಲೆ ಹೇಳಿದಳು, "ಮುಂದಿನ ವಾರವೂ ಇಳಿದಿದ್ದರೆ ನೇರ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಮೇಡಂ. ಅಲ್ಲಿ ಮಗುವನ್ನ ಒಳಗೆ ಇಟ್ಕೊಳ್ತಾರೆ. ತಾಯಿ ಹಾಲು ನಿಲ್ಲಿಸಿ ಬೇರೆ ಕೊಟ್ಟು ನೋಡಬೇಕಾಗಬಹುದು. ತಾಯಿಯನ್ನ ಹೊರಗೇ ಕೂರಿಸ್ತಾರೆ."

ಸೊಸೆ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಮಗುವನ್ನ ಒತ್ತಿ ಹಿಡಿದುಕೊಂಡು ಒಳಗೆ ಹೋದಳು. ಆ ವಾರವಿಡೀ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಬಟಾಣಿ ಮಾತ್ರ ಕೈಕಾಲು ಬಡಿದು ನಗೋದು ಕಲಿತಳು.

ಐದನೇ ಶನಿವಾರ. ಸೊಸೆ ಹತ್ತಿ ನಿಂತಳು. ಸರಿಯಾಗಿ ಐವತ್ತು.

ಎರಡು ಕೆಜಿ. ಎರಡೇ ಕೆಜಿ! ನಾನು ಪೆನ್ಸಿಲ್ ಕೆಳಗಿಟ್ಟೆ. ಮಗನಿಗೆ ಹೇಳಿದೆ, "ಟ್ಯಾಕ್ಸಿ ಕರೆಯೋ." ಅವನು ಫೋನ್ ಮಾಡಿ ಕೈಕಾಲು ಆಡದೆ ನಿಂತುಬಿಟ್ಟ. "ಮಗುವಿನ ಬಟ್ಟೆ ಬ್ಯಾಗಿಗೆ ತುಂಬು ಹೋಗು" ಅಂತ ಕೂಗಿದ ಮೇಲೆ ಅಲುಗಾಡಿದ. ಸೊಸೆ ಮಗುವನ್ನ ನನ್ನ ಕೈಗೆ ಕೊಟ್ಟು ಗೋಡೆ ಹಿಡಿದು ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗ್ತಿತ್ತು.

ಬಟಾಣಿ ನನ್ನ ಭುಜದ ಮೇಲೆ ಭಾರವಾಗಿ ಒರಗಿದ್ದಳು. ಭಾರ! ನನಗೆ ಇದ್ದಕ್ಕಿದ್ದ ಹಾಗೆ ಕೋಪ ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಿಲ್ಲ. ಯಂತ್ರದ ಮೇಲಿರಬೇಕು. ಆಳು ಬದಲಾಯಿಸಬಾರದು ಅಂದಿದ್ದಳು ಸಿಸ್ಟರ್. ಬದಲಾಯಿಸಿದರೆ ಏನು ಆಕಾಶ ಬೀಳುತ್ತಾ? ಮಗುವನ್ನ ಕೆಳಗೆ ಮಲಗಿಸಿ ಒಬ್ಬಳೇ ಹತ್ತಿದೆ. ಅರವತ್ತಮೂರು. ಬಟಾಣಿಯನ್ನ ಎತ್ತಿಕೊಂಡು ಮತ್ತೆ ಹತ್ತಿದೆ.

ಅರವತ್ತೆಂಟು ಪಾಯಿಂಟ್ ಎರಡು.

ಇಳಿದೆ. ಮತ್ತೆ ಹತ್ತಿದೆ. ಅಷ್ಟೇ. ಐದು ಕೆಜಿ ಇನ್ನೂರು ಗ್ರಾಂ!

"ಲೋ! ಬಾರೋ ಇಲ್ಲಿ!" ನನ್ನ ಕೂಗಿಗೆ ಮಗ ಬ್ಯಾಗ್ ಹಿಡಿದುಕೊಂಡೇ ಓಡಿಬಂದ. "ಐದೂಕಾಲರ ಹತ್ತಿರ ಹತ್ತಿರ ಇದಾಳೆ ಕಣೋ! ಏನೂ ಆಗಿಲ್ಲ, ದುಂಡಗಿದಾಳೆ! ಹಿಟ್ಟಿನ ಚೀಲಕ್ಕಿಂತ ಭಾರ ಇದಾಳೆ!" ನಾನು ನಗ್ತಿದ್ದೆನೋ ಅಳ್ತಿದ್ದೆನೋ ನನಗೇ ತಿಳೀಲಿಲ್ಲ. ಮಗ ಬ್ಯಾಗ್ ಬಿಸಾಕಿ ಬಟಾಣಿಯ ಕಾಲಿಗೆ ಮುಖ ಒತ್ತಿದ. ಸೊಸೆ ಕೂತಲ್ಲೇ ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

ನಗು ಒಂದು ನಿಮಿಷ ಇತ್ತೇನೋ. ಆಮೇಲೆ ನೋಟ್‌ಬುಕ್ ಕಣ್ಣಿಗೆ ಬಿತ್ತು. ನನ್ನ ಕೈಯಲ್ಲಿದ್ದರೆ ಐದೂಕಾಲು, ಅವಳ ಕೈಯಲ್ಲಿದ್ದರೆ ಎರಡು. ಅದೇ ಮಗು, ಅದೇ ಯಂತ್ರ, ಅದೇ ಬೆಳಗ್ಗೆ. ಮೂರು ಕೆಜಿಗಿಂತ ಹೆಚ್ಚು ಎಲ್ಲಿ ಹೋಯ್ತು? ಗಾಳಿಯಲ್ಲಿ ಕರಗಿತಾ?

"ತಲೆ ಕೆಟ್ಟುಹೋಯ್ತಪ್ಪ" ಅಂದೆ ಮಗನಿಗೆ. "ಇದೆಂಥಾ ಲೆಕ್ಕ?"

ಅವನು ಕಣ್ಣೊರೆಸಿಕೊಂಡು ನೋಟ್‌ಬುಕ್ ನೋಡಿದ. ಅವನಿಗೆ ಲೆಕ್ಕ ಅಷ್ಟಕ್ಕಷ್ಟೆ, ನನ್ನ ಮಗನಾಗಿ ಹುಟ್ಟಿ ನನ್ನ ಮಾನ ಕಳೆದವನು. ಪೆನ್ನಿನ ಬಾಕ್ಸ್ ಮೇಲೆ ಬೆರಳಿಟ್ಟು ಕೇಳಿದ, "ಅಮ್ಮ, ಈ ನಲವತ್ತೆಂಟು ಯಾವತ್ತಿಂದು?"

"ಕ್ಲಿನಿಕ್ಕಿಗೆ ಹೋದ ದಿನದ್ದು. ಯಾಕೆ?"

"ಅಲ್ಲಮ್ಮ, ನಾವು ಲಿಫ್ಟ್‌ಗೆ ಜನ ಹತ್ತಿಸಿ ಟೆಸ್ಟ್ ಮಾಡೋಕೆ ಮುಂಚೆ, ಪ್ರತಿ ಸಲ, ಮೊದಲು ಖಾಲಿ ಲಿಫ್ಟ್ ಓಡಿಸಿ ನೋಡ್ತೀವಿ. ನೀನು ಖಾಲಿದು ನೋಡಿದ್ಯಾ?"

ಪೆನ್ಸಿಲ್ ಎತ್ತಿಕೊಂಡು ಐವತ್ತು ಬರೆದೆ. ಕೆಳಗೆ ಐದು ಪಾಯಿಂಟ್ ಎರಡು ಬರೆದೆ. ಕಳೆದೆ. ನಲವತ್ತನಾಲ್ಕು ಪಾಯಿಂಟ್ ಎಂಟು. ತಲೆ ಎತ್ತಿ ಗೋಡೆಗೆ ಒರಗಿದ್ದ ಸೊಸೆಯನ್ನ ನೋಡಿದೆ. ಐದು ವಾರದಲ್ಲಿ ಅವಳ ಮುಖವನ್ನ ನಾನು ಪೂರ್ತಿಯಾಗಿ ನೋಡಿದ್ದು ಆಗಲೇ ಅಂತ ಕಾಣುತ್ತೆ. ಕೆನ್ನೆಯ ಮೂಳೆ ಎದ್ದಿತ್ತು. ಕೊರಳಿನ ಕುಳಿಯಲ್ಲಿ ನೆರಳು ಕೂತಿತ್ತು.

"ಬಾಮ್ಮ, ಹತ್ತು. ಒಬ್ಬಳೇ."

"ಬೇಡ ಅತ್ತೆ."

"ಹತ್ತು ಅಂದೆನಲ್ಲ."

"ಬೇಡ" ಅಂದಳು. ಮದುವೆಯಾಗಿ ಬಂದು ಮೂರು ವರ್ಷದಲ್ಲಿ ಅವಳು ನನಗೆ ಬೇಡ ಅಂದದ್ದು ಅದೇ ಮೊದಲು. "ನನಗೆ ಗೊತ್ತು ಎಷ್ಟಿದೆ ಅಂತ. ಯಂತ್ರ ಬೇಕಾಗಿಲ್ಲ."

ತೊಟ್ಟಿದ್ದ ಗೌನಿನ ಪಕ್ಕದ ಅಂಚನ್ನ ಮಡಚಿ ಒಳಭಾಗ ತೋರಿಸಿದಳು. ಹೊರಗಿಂದ ನೋಡಿದರೆ ಅಳತೆಗೆ ಸರಿಯಾಗಿ ಕೂತ ಗೌನು. ಒಳಗೆ ಒಂದರ ಪಕ್ಕ ಒಂದು ಐದು ಸಾಲು ಹೊಲಿಗೆ. ಶುಕ್ರವಾರಕ್ಕೊಂದು. ಆ ಹಳೇ ಗಿರಾಕಿ ಯಾರು, ಉಂಗುರಕ್ಕೆ ದಾರ ಯಾಕೆ ಅಂತ ನನಗೆ ಆಗ ಗೊತ್ತಾಯ್ತು.

ಮಗ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಹೇಳಬಾರದಿತ್ತೇನೇ?"

"ಏನಂತ ಹೇಳಲಿ? ಮಗು ಕರಗಿ ಹೋಗ್ತಿದೆ ಅಂತ ಮನೆಯೆಲ್ಲ ಕೂತಿರುವಾಗ ನಾನು ಸಣ್ಣ ಆಗ್ತಿದ್ದೀನಿ ಅಂತ ಹೇಳಲಾ? ಯಾರಿಗೆ ಬೇಕಿತ್ತು?" ಮಡಚಿದ ಅಂಚನ್ನ ಕೆಳಗೆ ಬಿಟ್ಟಳು. "ಪ್ರತಿ ಶನಿವಾರ ಅತ್ತೆ ಒಂದು ನಂಬರ್ ಹೇಳೋರು, ನನ್ನ ಹಾಲಲ್ಲೇ ಏನೋ ಇದೆ ಅನ್ನಿಸೋದು. ಗಂಟಲಲ್ಲಿ ತುತ್ತು ಇಳೀತಿರಲಿಲ್ಲ. ಇಳಿಸಿದರೂ ನಿಲ್ತಿರಲಿಲ್ಲ. ಲೆಕ್ಕ ತಪ್ಪಿರಬಹುದು ಅಂತ ನಾನು ಹೇಗೆ ಅಂದ್ಕೊಳ್ಳಲಿ? ಲೆಕ್ಕ ಮಾಡ್ತಿದ್ದೋರು ಅತ್ತೆ." ಆಮೇಲೆ ನನ್ನನ್ನೇ ನೋಡಿ, ಮೆಲ್ಲಗೆ ಅಂದಳು, "ಐದು ವಾರ ನನ್ನ ಅದರ ಮೇಲೆ ಹತ್ತಿಸಿದ್ರಿ ಅತ್ತೆ. ಒಂದು ದಿನವೂ ನನ್ನ ತೂಕ ನೋಡಲಿಲ್ಲ."

ಹಿಟ್ಟಿನ ಚೀಲ ಎತ್ತಿಕೊಳ್ಳೋಕೆ ಮುಂಚೆ ನಾನು ಒಬ್ಬಳೇ ಹತ್ತಿ ನೋಡಿದ್ದೆ. ಹಿಟ್ಟಿಗೆ ಕೊಟ್ಟ ಮರ್ಯಾದೆಯನ್ನ ಅವಳಿಗೆ ಕೊಟ್ಟಿರಲಿಲ್ಲ. ಅವಳು ಇಳಿದಷ್ಟೂ ಮಗುವಿನ ನಂಬರ್ ಇಳೀತು, ನಂಬರ್ ಇಳಿದಷ್ಟೂ ಅವಳು ಊಟ ಬಿಟ್ಟಳು, ಅವಳು ಊಟ ಬಿಟ್ಟಷ್ಟೂ ನಾನು ಬಯ್ದೆ. ನಾನೇ ಕೂತು ಮಾಡಿದ ಲೆಕ್ಕ ಅದು. ಕೊಟ್ಟಿರೋದು ಅಂತ ಅವಳಿಗೆ ಬಾಕ್ಸ್ ಹಾಕಿಟ್ಟೆನಲ್ಲ! ಸಿಸ್ಟರ್ ಅವತ್ತು 'ಪ್ರತಿ ವಾರ ಮೊದಲು' ಅಂತ ಶುರು ಮಾಡಿದ ಮಾತಿನ ಉಳಿದರ್ಧ ಏನಿತ್ತು ಅನ್ನೋದೂ ಆಗ ಹೊಳೆಯಿತು. ಐದನೇ ಮಗ್ಗಿಯವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

"ತಪ್ಪಾಯ್ತು ಕಣೇ" ಅಂದೆ. ಮೂವತ್ತೆರಡು ವರ್ಷದಲ್ಲಿ ಎಷ್ಟೋ ಹುಡುಗಿಯರ ಬಾಯಲ್ಲಿ ಹೇಳಿಸಿದ ಮಾತು, ನನ್ನ ಬಾಯಿಂದ ಹೊರಡೋಕೆ ಬಹಳ ಕಷ್ಟಪಟ್ಟಿತು.

ಅವಳು ಏಳೋಕೆ ಹೋದಳು, ಆಗಲಿಲ್ಲ. ಕಣ್ಣು ಕತ್ತಲಿಟ್ಟು ಮತ್ತೆ ಕೂತುಬಿಟ್ಟಳು. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ಹಾರನ್ ಕೇಳಿಸಿತು. ಬಂದ ಟ್ಯಾಕ್ಸಿಯನ್ನ ವಾಪಸ್ ಕಳಿಸಲಿಲ್ಲ. ದೊಡ್ಡಾಸ್ಪತ್ರೆಗೇ ಹೋದ್ವಿ, ಪೇಷೆಂಟ್ ಬೇರೆಯಾದಳು ಅಷ್ಟೆ. ಮೂರು ಮಹಡಿ ಮಗ ಅವಳನ್ನ ಎತ್ತಿಕೊಂಡೇ ಇಳಿದ. ಮಧ್ಯದ ಮೆಟ್ಟಿಲಲ್ಲಿ ಒಂದು ಸಲ ನಿಂತ. ದಣಿವಾಗಿ ನಿಂತದ್ದಲ್ಲ. "ಇವಳಲ್ಲಿ ಏನೂ ಇಲ್ವಲ್ಲಮ್ಮ" ಅಂದ.

ಡಾಕ್ಟರು ರಕ್ತ ತೀರಾ ಕಮ್ಮಿ ಇದೆ, ನಿದ್ದೆ ಇಲ್ಲ, ಊಟ ಇಲ್ಲ, ಇನ್ನೆರಡು ವಾರ ಬಿಟ್ಟಿದ್ದರೆ ಕಷ್ಟವಿತ್ತು ಅಂದರು. ಆರು ದಿನ ಇಟ್ಟುಕೊಂಡರು. ಅಲ್ಲಿ ಹೋಗಿ ಬ್ಯಾಗ್ ತೆಗೆದರೆ ಎಲ್ಲ ಮಗುವಿನ ಬಟ್ಟೆ, ಅವಳದ್ದು ಒಂದು ಕರವಸ್ತ್ರವೂ ಇರಲಿಲ್ಲ. ನಾನು ಮನೆಗೆ ಬಂದು ಅವಳ ಕಪಾಟು ತೆಗೆದೆ. ಮೂರು ಗೌನು, ಮೂರಕ್ಕೂ ಒಳಗೆ ಅದೇ ಸಾಲು ಸಾಲು ಹೊಲಿಗೆ. ಅಲ್ಲೇ ಮಂಚದ ಮೇಲೆ ಕೂತು ಚೆನ್ನಾಗಿ ಅತ್ತೆ. ನೋಡೋಕೆ ಯಾರೂ ಇರಲಿಲ್ಲ.

ಅಡುಗೆಮನೆ ಗೋಡೆಯ ಟೈಮ್‌ಟೇಬಲ್ ಕಿತ್ತು ಹಾಕಿದೆ. ರಾತ್ರಿಯ ಒಂದು ಸಲದ ಹಾಲು ಮಗ ಬಾಟಲಿಯಲ್ಲಿ ಕೊಡೋದು ಅಂತಾಯ್ತು. ಸೊಸೆ ಊಟಕ್ಕೆ ಕೂತರೆ ನಾನೂ ತಟ್ಟೆ ಹಾಕ್ಕೊಂಡು ಎದುರು ಕೂರ್ತಿದ್ದೆ. ತಿನ್ನು ಅಂತ ಒತ್ತಾಯ ಮಾಡ್ತಿರಲಿಲ್ಲ, ನನ್ನ ಶಾಲೆಯ ತಮಾಷೆ ಕಥೆ ಹೇಳ್ತಿದ್ದೆ. ಮೊದಮೊದಲು ಅವಳಿಗೆ ಅದಕ್ಕೂ ಭಯವಾಗ್ತಿತ್ತು.

ಸಂಪಾದಕರಿಗೆ ವ್ಯವಕಲನ ಬರೆದು ಕಳಿಸಿದೆ. ಪದ ಎಲ್ಲಿಂದ ಬಂತು ಅನ್ನೋದನ್ನ ನಾಲ್ಕು ಸಾಲಲ್ಲಿ ಹೇಳಿ, ಕೊನೆಗೆ ಬರೆದೆ: "ಹಳೇ ಸಂಖ್ಯೆ ಬೇಡ. ಕೆಳಗೆ ಬರೆಯುವ ಸಂಖ್ಯೆಯೂ ಇವತ್ತಿನದೇ ಆಗಿರಲಿ. ಅದನ್ನೂ ಒಮ್ಮೆ ಅಳೆದು ನೋಡಿ."

ಅವರು ಫೋನ್ ಮಾಡಿದರು. "ಮೇಡಂ, ಕೊನೆಯದು ಅರ್ಥವೂ ಅಲ್ಲ, ಮೂಲವೂ ಅಲ್ಲ. ಏನಂತ ನನಗೆ ಗೊತ್ತಾಗ್ತಿಲ್ಲ."

"ನನಗೂ ಪೂರ್ತಿ ಗೊತ್ತಾಗಿಲ್ಲ ಕಣಪ್ಪ, ಹಾಗೇ ಹಾಕು" ಅಂತ ಫೋನ್ ಇಟ್ಟೆ.

ಸೊಸೆ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ಶನಿವಾರ ಯಂತ್ರವನ್ನ ಹಜಾರದ ನಡುವೆ ಇಟ್ಟೆ. ಅವಳು ಅಭ್ಯಾಸದಂತೆ ತೊಟ್ಟಿಲ ಕಡೆ ಹೊರಟಳು, ಮಗುವನ್ನ ಎತ್ತಿಕೊಳ್ಳೋಕೆ.

"ಅವಳು ಅಲ್ಲೇ ಇರಲಿ" ಅಂದೆ. "ನೀನು ಬಾ."

ಹತ್ತಿ ನಿಂತಳು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ನಲವತ್ತಾರು ಪಾಯಿಂಟ್ ಒಂದು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ, ಪೆನ್ಸಿಲಲ್ಲಿ, ಬರೆದುಕೊಂಡೆ. ಅವಳು ಬಗ್ಗಿ ಓದಿ, ಮಿಷನ್ ಹತ್ತಿರ ಹೋಗಿ ಕೂತಳು. ಅಲ್ಲಿದ್ದ ಗೌನೊಂದರ ಒಳಮಗ್ಗುಲು ತಿರುಗಿಸಿ ಸೂಜಿ ತುದಿಯಲ್ಲಿ ಹೊಲಿಗೆ ಎಬ್ಬಿಸೋಕೆ ಶುರು ಮಾಡಿದಳು.

"ಅಷ್ಟೊಂದು ಬಟ್ಟೆ ಒಳಗೇ ಇಟ್ಟಿದ್ದೀಯಲ್ಲೇ, ಕತ್ತರಿಸಲಿಲ್ವಾ?" ಅಂದೆ.

"ಬಟ್ಟೆ ಯಾವತ್ತೂ ಕತ್ತರಿಸಲ್ಲ ಅತ್ತೆ. ಗಿರಾಕಿ ಮತ್ತೆ ದಪ್ಪಗಾಗಬಹುದಲ್ಲ" ಅಂದಳು.

ಕೊನೆಯ ಸಾಲು ಪೂರ್ತಿ ಬಿಚ್ಚಿಕೊಂಡಿತು. ನಾನು ಪಕ್ಕದಲ್ಲಿ ಕೂತು ಒಂದೊಂದೇ ದಾರದ ಚೂರು ಹೆಕ್ಕಿದೆ. ಮಗ ಬಾಗಿಲು ತೆಗೆದು ಒಳಗೆ ಬಂದು "ಎಷ್ಟಾಯ್ತು?" ಅಂದ. "ನಲವತ್ತಾರು ದಾಟಿದಾಳೆ ಕಣೋ" ಅಂತ ನಾವಿಬ್ಬರೂ ಒಟ್ಟಿಗೇ ಕೂಗಿದ್ವಿ. ಅವತ್ತು ಬಟಾಣಿಯ ತೂಕ ನೋಡೋದು ಮರೆತೇ ಹೋಯ್ತು.